ಅಜ್ಜಿಯ ಹಾಡು, ಜೋರು ಗಿಟಾರು

ಪ್ರೀತಿಯ ಗೆಳೆಯ,

ನೀನು ಕಳಿಸಿದ ರೆಕಾರ್ಡಿಂಗ್ ಮೂರು ಸಲ ಕೇಳಿದೆ. ನಿಮ್ಮಜ್ಜಿಯ ಬೀಸೋ ಪದಕ್ಕೆ ಡೊಳ್ಳು, ಕೊಳಲು, ಕೀಬೋರ್ಡು ಎಲ್ಲ ಸೇರಿಸಿದ್ದೀಯ. ಸುಮ್ನೆ ಚೆನ್ನಾಗಿದೆ ಅಂತ ಸುಳ್ಳು ಹೇಳಲು ಮನಸ್ಸಿಲ್ಲ. ಅಷ್ಟು ಗದ್ದಲದಲ್ಲಿ ಅಜ್ಜಿಯೇ ಸಿಗುತ್ತಿಲ್ಲ ಕಣೋ.

ಬೈಯುವ ಮೊದಲು ಇಲ್ಲಿನ ಮೂವರು ಹುಡುಗರ ಕಥೆ ಕೇಳು.

ನಾನಿರುವ ಸೇಂಟ್ ಲೂಯಿಸ್‌ನಿಂದ ಮಿಸಿಸಿಪ್ಪಿ ನದಿ ದಾಟಿದರೆ ಇಲಿನಾಯ್ ರಾಜ್ಯ. ಅರ್ಧ ಗಂಟೆಯಲ್ಲಿ ಬೆಲ್‌ವಿಲ್ ಅಂತ ಊರು. ಜರ್ಮನಿಯಿಂದ ಬಂದವರು ಕಟ್ಟಿದ ಕೆಂಪು ಇಟ್ಟಿಗೆಯ ಮನೆಗಳು, ಊರ ನಡುವೆ ದೊಡ್ಡ ಕಾರಂಜಿ. ಒಂದು ಕಾಲಕ್ಕೆ ಸುತ್ತ ಕಲ್ಲಿದ್ದಲ ಗಣಿಗಳು, ಊರೊಳಗೆ ಒಲೆ ಮಾಡುವ ಕಾರ್ಖಾನೆಗಳು. ಜೇ ಫರಾರ್, ಜೆಫ್ ಟ್ವೀಡಿ, ಮೈಕ್ ಹೈಡಾರ್ನ್ ಇಲ್ಲಿನ ಹೈಸ್ಕೂಲು ಗೆಳೆಯರು. 1987ರಲ್ಲಿ ಅಂಕಲ್ ಟುಪೆಲೊ ಅಂತ ಬ್ಯಾಂಡ್ ಕಟ್ಟಿದರು. ಮೂವರಿಗೂ ಪಂಕ್ ಹುಚ್ಚು, ಅಂದರೆ ಜೋರಾದ, ವೇಗದ, ಒರಟು ರಾಕ್.

1990ರಲ್ಲಿ ಮೊದಲ ಆಲ್ಬಂ ಬಂತು. ಹೆಸರು 'ನೋ ಡಿಪ್ರೆಶನ್'. ನಾನು ಮನಸ್ಸಿನ ಖಿನ್ನತೆ ಅಂದುಕೊಂಡಿದ್ದೆ. ಅಲ್ಲವಂತೆ! ಅದು 1930ರ ದಶಕದ ಆರ್ಥಿಕ ಕುಸಿತ. ಕೈಯಲ್ಲಿ ಕಾಸಿಲ್ಲದ ಕಾಲದಲ್ಲಿ, ಸ್ವರ್ಗದಲ್ಲಾದರೂ ಈ ಕಷ್ಟ ಇರುವುದಿಲ್ಲ ಅಂತ ಕಾರ್ಟರ್ ಫ್ಯಾಮಿಲಿಯವರು 1936ರಲ್ಲಿ ಹಾಡಿದ ಹಾಡು. ವರ್ಜೀನಿಯಾದ ಬೆಟ್ಟದ ಕಡೆಯವರು. ಆ ಮನೆಯ ಹಿರಿಯ ಎ. ಪಿ. ಕಾರ್ಟರ್ ಊರೂರು ತಿರುಗಿ ಜನರ ಬಾಯಲ್ಲಿದ್ದ ಹಾಡುಗಳನ್ನು ಸೇರಿಸಿಕೊಂಡು ಬರುತ್ತಿದ್ದನಂತೆ. ಅಂಥ ಹಾಡನ್ನು ಈ ಹುಡುಗರು ತಮ್ಮ ಪಂಕ್ ಹಾಡುಗಳ ಪಕ್ಕದಲ್ಲೇ ಕೂರಿಸಿದರು. ಫರಾರ್‌ಗೆ ಆಗ ಬರೀ 23 ವರ್ಷ. ದನಿ ಮಾತ್ರ ಅರವತ್ತು ದಾಟಿದವನದು.

ಆದರೆ ನನಗೆ ಆ ಆಲ್ಬಂ ಸ್ವಲ್ಪ ಜಾಸ್ತಿ ಹೊಗಳಿಸಿಕೊಂಡಿದೆ ಅನ್ನಿಸುತ್ತದೆ. ನಾನು ಪದೇ ಪದೇ ಹಾಕಿಕೊಳ್ಳುವುದು ಮೂರನೆಯದನ್ನು.

1992ರ ಜನವರಿಯಲ್ಲಿ ನಿರ್ವಾಣ ಬ್ಯಾಂಡಿನ ಆಲ್ಬಂ ಅಮೆರಿಕದಲ್ಲಿ ನಂಬರ್ ಒನ್ ಆಗಿತ್ತು. ಜೋರಾಗಿ ಗಿಟಾರ್ ಬಾರಿಸುವ ಹುಡುಗರಿಗೆ ಸುಗ್ಗಿ ಕಾಲ. ಎರಡೇ ತಿಂಗಳಲ್ಲಿ ಇವರು ಜಾರ್ಜಿಯಾದ ಅಥೆನ್ಸ್‌ಗೆ ಹೋಗಿ, ಆರ್.ಇ.ಎಂ. ಬ್ಯಾಂಡಿನ ಪೀಟರ್ ಬಕ್ ಜೊತೆ ಕೂತು, ಐದೇ ದಿನದಲ್ಲಿ ಅಕೂಸ್ಟಿಕ್ (ಕರೆಂಟಿಲ್ಲದ ವಾದ್ಯಗಳ) ಆಲ್ಬಂ ಮಾಡಿ ಮುಗಿಸಿದರು. ಬ್ಯಾಂಜೊ, ಮ್ಯಾಂಡೊಲಿನ್, ಗಣಿ ಕೆಲಸಗಾರರ ಹಾಡು, ಕಳ್ಳಭಟ್ಟಿ ಇಳಿಸುವವನ ಹಾಡು. ಹೆಸರಿಡುವುದಕ್ಕೂ ತಲೆ ಕೆಡಿಸಿಕೊಳ್ಳಲಿಲ್ಲ. ರೆಕಾರ್ಡ್ ಮಾಡಿದ ತಾರೀಕೇ ಹೆಸರು: 'ಮಾರ್ಚ್ 16-20, 1992'. ಬುದ್ಧಿ ಇರುವವರು ಮಾಡುವ ಕೆಲಸವಾ ಅದು? ಆದರೂ ಕಳ್ಳಭಟ್ಟಿಯವನ ಹಾಡು ಕೇಳು. ಹಾಡಿಗೆ ಯಾವ ಅವಸರವೂ ಇಲ್ಲ. ಅಲಂಕಾರ ಮಾಡೋಣ ಅಂತ ಯಾರಿಗೂ ಅನ್ನಿಸಿಲ್ಲ. ಹಾಡಿದವನ ವಯಸ್ಸು ಮರೆತುಹೋಗುತ್ತದೆ.

ಕೊನೆಯ ಆಲ್ಬಂ 1993ರದ್ದು, ಟೆಕ್ಸಸ್‌ನ ಆಸ್ಟಿನ್‌ನಲ್ಲಿ ಆಗಿದ್ದು. ಎಲ್ಲರೂ ಒಟ್ಟಿಗೆ ನಿಂತು ಬಾರಿಸಿದ್ದನ್ನೇ ಇಟ್ಟುಕೊಂಡರು, ಆಮೇಲೆ ಮೇಲೆ ಏನನ್ನೂ ಪೇರಿಸಲಿಲ್ಲ. ಲಾಯ್ಡ್ ಮೇನ್ಸ್ ಅದರಲ್ಲಿ ಪೆಡಲ್ ಸ್ಟೀಲ್ ನುಡಿಸಿದ್ದಾರೆ. ಮೇಜಿನ ಹಾಗೆ ಅಡ್ಡ ಇಟ್ಟ ವಾದ್ಯ ಅದು. ತಂತಿಯ ಮೇಲೆ ಉಕ್ಕಿನ ತುಂಡು ಜಾರಿಸುತ್ತಾರೆ, ಕಾಲಲ್ಲಿ ಪೆಡಲ್ ಒತ್ತಿ ಸ್ವರ ಎಳೆಯುತ್ತಾರೆ. ನಮ್ಮ ಗೋಟುವಾದ್ಯಕ್ಕೆ ದೂರದ ನೆಂಟ ಅನ್ನು.

ಅಷ್ಟು ಹೊತ್ತಿಗೆ ಫರಾರ್‌ಗೂ ಟ್ವೀಡಿಗೂ ಮುಖ ಕೊಟ್ಟು ಮಾತಿರಲಿಲ್ಲ. 1994ರ ಮೇ 1ರಂದು ಸೇಂಟ್ ಲೂಯಿಸ್‌ನ ಸಂಗೀತ ಕ್ಲಬ್ ಮಿಸಿಸಿಪ್ಪಿ ನೈಟ್ಸ್‌ನಲ್ಲಿ ಕೊನೆಯ ಕಚೇರಿ. ಮೊದಲೇ ಬಿಟ್ಟುಹೋಗಿದ್ದ ಹೈಡಾರ್ನ್ ಕೊನೆಗೆ ಬಂದು ಡ್ರಮ್ಸ್‌ಗೆ ಕೂತನಂತೆ. ಆಮೇಲೆ ಫರಾರ್ ಸನ್ ವೋಲ್ಟ್ ಕಟ್ಟಿದ, ಟ್ವೀಡಿ ವಿಲ್ಕೊ. ಮಾರನೇ ವರ್ಷ ಆಲ್ಟ್ ಕಂಟ್ರಿಗೆ, ಅಂದರೆ ಹಳ್ಳಿ ಹಾಡಿಗೆ ರಾಕ್ ಬೆರೆಸಿದ ಈ ಬಗೆಯ ಸಂಗೀತಕ್ಕೆ ಅಂತಲೇ ಶುರುವಾದ ಪತ್ರಿಕೆಗೂ 'ನೋ ಡಿಪ್ರೆಶನ್' ಅಂತಲೇ ಹೆಸರು. ಮಿಸಿಸಿಪ್ಪಿ ನೈಟ್ಸ್ 2007ರಲ್ಲಿ ಮುಚ್ಚಿತು. ನಾನು ಈ ಊರಿಗೆ ಬಂದಿದ್ದೇ ತಡ ಆಯ್ತು, ಬಿಡು.

ಈಗ ನಿನ್ನ ಹಾಡಿಗೆ ಬರೋಣ. ಎರಡನೇ ಸಾಲು ಮುಗಿದ ಮೇಲೆ ಅಜ್ಜಿ ಉಸಿರು ತಗೊಳ್ಳುವ ಜಾಗ ಇದೆಯಲ್ಲ, ಅಲ್ಲೇ ನಿನ್ನ ಡೊಳ್ಳು ನುಗ್ಗುತ್ತದೆ. ಕೈ ಬದಲಾಯಿಸಿ ಕಲ್ಲು ತಿರುಗಿಸುವಾಗ ತಗೊಂಡ ಉಸಿರು ಅದು, ಅಲ್ವಾ? ಡೊಳ್ಳು ತೆಗಿ. ಬೇಕಾದರೆ ನಿನ್ನ ಎಲೆಕ್ಟ್ರಿಕ್ ಗಿಟಾರನ್ನೇ ಜೋರಾಗಿ ಬಾರಿಸು, ನನ್ನದೇನೂ ತಕರಾರಿಲ್ಲ. ಆದರೆ ಅಜ್ಜಿಯ ಹಾಡನ್ನು ಕ್ಲಿಕ್ ಟ್ರ್ಯಾಕಿನ ಒಂದೇ ವೇಗದ ಟಕ್ ಟಕ್ ತಾಳಕ್ಕೆ ಕೂರಿಸಬೇಡ ಮಾರಾಯ. ಮೊದಲು ಫೋನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೆಯಲ್ಲ, ಕೋಳಿ ಕೂಗೋದೂ ಕೇಳಿಸುತ್ತದೆ ಅಂತಿದ್ದೆ, ಅದನ್ನು ಹಾಗೇ ಕಳಿಸು. ಅಜ್ಜಿಗೆ ನನ್ನ ನಮಸ್ಕಾರ ಹೇಳು.

ನಿನ್ನ,
ಹಳೇ ಬ್ಯಾಂಡಿನ ಬೇಸ್ ಗಿಟಾರಿನವ