ಮೃಗಶಿರ ಮಳೆ ಹಿಡಿಯುವ ಮೊದಲು: ಮೇಷ್ಟ್ರ ಕಾನೂನು ಗ್ರಂಥಾಲಯಕ್ಕಾಗಿ ದೇಣಿಗೆ ಮನವಿ

ಮಾನ್ಯರೇ,

ಹೋದ ವರ್ಷ ಆರಿದ್ರಾ ಮಳೆಯ ಮೂರನೆಯ ರಾತ್ರಿ ನಮ್ಮ ಗ್ರಂಥಾಲಯದ ಎರಡು ಮಾಡುಗಳು ಕೂಡುವ ಕಡೆ ಮಳೆನೀರು ಹರಿಯುವ ತಗಡಿನ ದೋಣಿ ತುಕ್ಕು ಹಿಡಿದು ಬಾಯಿ ಬಿಟ್ಟ ಸುದ್ದಿ ತಮ್ಮಲ್ಲಿ ಅನೇಕರಿಗೆ ಈಗಾಗಲೇ ತಲುಪಿದೆ. ಬೆಳಿಗ್ಗೆ ಬಾಗಿಲು ತೆಗೆದಾಗ ಒಳಗೆ ಪಾದ ಮುಳುಗುವಷ್ಟು ನೀರು ನಿಂತಿತ್ತು. ಸೋರಿಕೆಯ ನೇರ ಕೆಳಗೆ ಇದ್ದದ್ದು ಮೇಷ್ಟ್ರ ಕಬ್ಬಿಣದ ಟ್ರಂಕು. ಅದನ್ನು ಅಲ್ಲಿ ಇರಿಸಿದವರು ಟ್ರಸ್ಟಿಗಳಾದ ನಾವೇ. ಗೋಡೆಗೆ ಒರಲೆ ಹತ್ತಿದೆಯೆಂದು ಬೇಸಿಗೆಯಲ್ಲಿ ನಡುಕೋಣೆಗೆ ಎಳೆದು, ಮಳೆಗಾಲಕ್ಕೆ ಮೊದಲು ಸರಿಸುವುದನ್ನು ಮರೆತಿದ್ದೆವು. ಈ ತಪ್ಪನ್ನು ಒಪ್ಪಿಕೊಳ್ಳದೆ ತಮ್ಮ ಮುಂದೆ ಕೈಯೊಡ್ಡುವುದು ಸರಿಯಲ್ಲ.

ಟ್ರಂಕಿನಲ್ಲಿ ಮೇಷ್ಟ್ರು ನಲವತ್ತು ವರ್ಷ ಬರೆದ ನೋಟ್‌ಬುಕ್ಕುಗಳಿದ್ದವು. ಮೇಲಿನ ಹನ್ನೊಂದು ಪೂರ್ತಿ ನೆನೆದಿದ್ದವು. ಅವರು ಬಾಲ್ ಪೆನ್ನು ಹಿಡಿದವರಲ್ಲವಾದ್ದರಿಂದ ಶಾಯಿ ಹಾಳೆಯಿಂದ ಹಾಳೆಗೆ ಇಳಿದಿತ್ತು; ಒಂದು ಪುಟದಲ್ಲಿ ‘ಓದಿ ಹೇಳಲಾಯಿತು, ಸರಿ ಇದೆ’ ಎಂಬ ಕೊನೆಯ ಸಾಲು ಮಾತ್ರ ಉಳಿದು, ಅದರ ಕೆಳಗಿನ ಹೆಬ್ಬೆಟ್ಟಿನ ಗುರುತು ಅಂಗೈಯಗಲ ಹರಡಿತ್ತು. ಪಕ್ಕದ ಮನೆಯವರ ಅಡಿಕೆ ತಟ್ಟಿಗಳನ್ನು ಕೇಳಿ ತಂದು, ಒಲೆಯ ಮೇಲಿನ ಅಟ್ಟದಲ್ಲಿ ಹಾಳೆಗಳನ್ನು ಬಿಡಿಬಿಡಿಯಾಗಿ ಹರಡಿ, ಐದು ದಿನ ಸಣ್ಣ ಕಾವಿನಲ್ಲಿ ಒಣಗಿಸಿದೆವು. ಎಂಟು ಪುಸ್ತಕಗಳು ಹೊಗೆಯ ವಾಸನೆಯೊಂದಿಗೆ ಓದುವ ಸ್ಥಿತಿಗೆ ಮರಳಿದವು. ಮೂರು ಹೋದವು.

ಮೇಷ್ಟ್ರ ಪರಿಚಯವನ್ನು ತಮಗೆ ಹೊಸದಾಗಿ ಮಾಡಿಕೊಡಬೇಕಾದ ಅಗತ್ಯವಿಲ್ಲ. ಆದರೂ ಈ ಪತ್ರ ತೀರ್ಥಹಳ್ಳಿ, ಹೊಸನಗರ, ಸಾಗರಗಳನ್ನು ದಾಟಿ ಬೆಂಗಳೂರಿನಲ್ಲಿ ನೆಲೆಸಿರುವ ಮಕ್ಕಳ ಕೈಗೂ ಹೋಗುವುದರಿಂದ ನಾಲ್ಕು ಮಾತು ಹೇಳಬೇಕು. 1973ರ ಏಪ್ರಿಲ್ 24ರಂದು ಕೇಶವಾನಂದ ಭಾರತಿ ತೀರ್ಪು ಬಂದಾಗ ಅವರು ಶಿವಮೊಗ್ಗದಲ್ಲಿ ಕಾನೂನು ಪಾಠ ಹೇಳಲು ತೊಡಗಿ ಒಂದು ವರ್ಷವೂ ತುಂಬಿರಲಿಲ್ಲ. ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲ ರಚನೆಯನ್ನು ಕೆಡಿಸುವಂತಿಲ್ಲ ಎಂದು 13 ನ್ಯಾಯಮೂರ್ತಿಗಳ ಪೀಠ 7–6ರ ಬಹುಮತದಲ್ಲಿ ಹೇಳಿದ ಆ ತೀರ್ಪಿನ ಅರ್ಜಿದಾರರು ಕಾಸರಗೋಡು ಸೀಮೆಯ ಎಡನೀರು ಮಠದ ಸ್ವಾಮಿಗಳು. ತಕರಾರು ಕೇರಳದ ಭೂಸುಧಾರಣೆ ಕಾಯ್ದೆಯದ್ದು. ‘ಮಠ, ಗೇಣಿ, ಒಕ್ಕಲು ಎಂದರೆ ಏನೆಂದು ಮಲೆನಾಡಿನ ಹುಡುಗರಿಗೆ ವಿವರಿಸುವ ಕೆಲಸವಿಲ್ಲ, ಅರ್ಧ ಪಾಠ ಅವರ ಜಗಲಿಯಲ್ಲೇ ಆಗಿರುತ್ತದೆ’ ಎಂದು ಮೇಷ್ಟ್ರು ನಗುತ್ತಿದ್ದರು. ಗೇಣಿದಾರರ 1951ರ ಕಾಗೋಡು ಸತ್ಯಾಗ್ರಹ ನಡೆದ ಜಿಲ್ಲೆಯಲ್ಲವೇ ನಮ್ಮದು? 1974ರ ಭೂಸುಧಾರಣೆ ತಿದ್ದುಪಡಿಯ ಬಳಿಕ, ಉಳುವ ಜಮೀನಿನ ಹಕ್ಕು ಕೋರಿ ನಮೂನೆ 7ರ ಅರ್ಜಿ ಹಾಕಿದ ಗೇಣಿದಾರನ ಮಗನೂ ಜಮೀನು ಕಳೆದುಕೊಳ್ಳಲಿದ್ದ ಒಡೆಯರ ಮಗನೂ ಅವರ ತರಗತಿಯಲ್ಲಿ ಒಂದೇ ಬೆಂಚಿನ ಮೇಲೆ ಕೂತು ಮೂಲಭೂತ ಹಕ್ಕುಗಳ ಪಾಠ ಕೇಳಿದ್ದುಂಟು. ತುರ್ತು ಪರಿಸ್ಥಿತಿಯ ಕಾಲದ ಜಬಲ್ಪುರ ಪ್ರಕರಣವನ್ನು ಪಾಠ ಮಾಡುವಾಗ ಬಂಧಿತರು ಬಿಡುಗಡೆ ಕೋರಿ ನ್ಯಾಯಾಲಯಕ್ಕೆ ಹೋಗುವಂತಿಲ್ಲ ಎಂದ ನಾಲ್ವರ ಬಹುಮತವನ್ನು ಪಕ್ಕಕ್ಕಿಟ್ಟು, ನ್ಯಾಯಮೂರ್ತಿ ಎಚ್.ಆರ್. ಖನ್ನಾ ಅವರೊಬ್ಬರ ಭಿನ್ನಮತದಿಂದಲೇ ಆರಂಭಿಸುವುದು ಅವರ ಕ್ರಮವಾಗಿತ್ತು.

ಆದರೂ ಅವರ ಜೀವವಿದ್ದದ್ದು ಸಾಕ್ಷ್ಯ ಕಾನೂನಿನಲ್ಲಿ ಎಂಬುದು ನಮ್ಮ ಅನಿಸಿಕೆ. ಹಕ್ಕು ಇದೆ ಎನ್ನುವುದು ಒಂದು, ಅದನ್ನು ರುಜುವಾತು ಮಾಡುವುದು ಇನ್ನೊಂದು ಎಂಬುದನ್ನು ಅವರು ಭೂನ್ಯಾಯ ಮಂಡಳಿಗಳ ಮುಂದೆ ಗೇಣಿ ರಸೀದಿಯೇ ಇಲ್ಲದೆ ನಿಂತವರಿಂದ ಕಲಿತರು. ರಜೆ ಬಂದರೆ ಕೈಚೀಲದಲ್ಲಿ ಶಾಯಿಯ ಪೆಟ್ಟಿಗೆ ಹಾಕಿಕೊಂಡು ಊರೂರು ತಿರುಗಿ, ಯಾವ ಗದ್ದೆಯನ್ನು ಯಾರು ಉಳುತ್ತಿದ್ದರು, ಲಿಂಗನಮಕ್ಕಿ ಅಣೆಕಟ್ಟಿನ ನೀರಿನಲ್ಲಿ ಯಾವ ಮನೆ ಎಲ್ಲಿ ಮುಳುಗಿತು, ಎದ್ದು ಬಂದವರು ಯಾವ ಕಾಡಿನಂಚಿನಲ್ಲಿ ಸೂರು ಕಟ್ಟಿದರು ಎಂದು ಹಿರಿಯರ ಬಾಯಿಂದ ಕೇಳಿ ಬರೆದು, ಓದಿ ಹೇಳಿ, ಹೆಬ್ಬೆಟ್ಟು ಹಾಕಿಸಿಕೊಂಡು ಬರುತ್ತಿದ್ದರು. ಟ್ರಂಕಿನಲ್ಲಿದ್ದದ್ದು ಅವೇ ಪುಸ್ತಕಗಳು.

ಅವುಗಳ ಬೆಲೆ ನಮಗೆ ಪೂರ್ತಿ ಗೊತ್ತಾದದ್ದು ಅವರು ತೀರಿಕೊಂಡ ಮೇಲೆ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಬುಡಕಟ್ಟಿಗೆ ಸೇರದ ಪಾರಂಪರಿಕ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮೊದಲಿನ ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸವನ್ನು ತೋರಿಸಬೇಕು. ಪಹಣಿಯೇ ಇಲ್ಲದವರು ತೋರಿಸುವುದು ಏನನ್ನು? ಅರ್ಜಿದಾರರಲ್ಲದ ಹಿರಿಯರ ಲಿಖಿತ ಹೇಳಿಕೆಯೂ ಒಂದು ಸಾಕ್ಷ್ಯವೆಂದು ನಿಯಮ 13 ಒಪ್ಪುತ್ತದೆ, ಅದರ ಜೊತೆಗೆ ಇನ್ನೊಂದು ಆಧಾರ ಬೇಕು. ಸಂತೆಯ ದಿನ ನಡೆಯುವ ನಮ್ಮ ಉಚಿತ ಕಾನೂನು ಸಲಹೆಗೆ ಬರುವವರಲ್ಲಿ ಬಹುಪಾಲು ಇಂಥವರೇ. ಹೋದ ತಿಂಗಳು ಹೊಸನಗರದ ಕಡೆಯ ಅಜ್ಜಿಯೊಬ್ಬರು ಎರಡು ಬಸ್ಸು ಬದಲಿಸಿ ಬಂದು, ಪ್ಲಾಸ್ಟಿಕ್ ಕೊಟ್ಟೆಯಿಂದ ರೇಷನ್ ಕಾರ್ಡು, ಹಳೆಯ ದಂಡದ ರಸೀದಿಗಳನ್ನು ಒಂದೊಂದಾಗಿ ಮೇಜಿನ ಮೇಲಿಟ್ಟು, ‘ನಮ್ಮ ಮಾವ ಮೇಷ್ಟ್ರ ಹತ್ರ ಏನೋ ಬರೆಸಿದ್ರಂತೆ, ಸಿಗ್ತದಾ ನೋಡಿ’ ಎಂದರು. ಆ ಊರಿನ ಹೇಳಿಕೆಗಳಿದ್ದದ್ದು ಹೋದ ಮೂರು ಪುಸ್ತಕಗಳಲ್ಲಿ.

ಯೋಗ್ಯ ಸುಪರ್ದಿಯಿಂದ, ಅಂದರೆ ಅದು ಇರಬೇಕಾದವರ ವಶದಿಂದ, ಹೊರಬಂದ 30 ವರ್ಷ ಹಳೆಯ ದಾಖಲೆಯ ಸಹಿ ಬರಹಗಳನ್ನು ನ್ಯಾಯಾಲಯ ಸಾಚಾ ಎಂದು ಭಾವಿಸಿಕೊಳ್ಳಬಹುದು ಎಂಬ ನಿಯಮ 1872ರ ಸಾಕ್ಷ್ಯ ಕಾಯ್ದೆಯ 90ನೇ ಕಲಮಿನಲ್ಲಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದು 92ನೇ ಕಲಮಾಗಿದೆ. ಸೋರುವ ಮಾಡಿನ ಕೆಳಗಿನ ಟ್ರಂಕು ಎಂಥ ಯೋಗ್ಯ ಸುಪರ್ದಿ ಎಂದು ಮೇಷ್ಟ್ರು ಇದ್ದಿದ್ದರೆ ಕೇಳಿಯೇ ಕೇಳುತ್ತಿದ್ದರು. ಮೂಲ ನಾಶವಾದರೆ ನಕಲನ್ನು ಹಾಜರುಪಡಿಸಲು ಕಾನೂನಿನಲ್ಲಿ ಅವಕಾಶವಿದೆ, ಆದರೆ ನಾವು ನಕಲನ್ನೂ ಮಾಡಿಸಿರಲಿಲ್ಲ.

ಇನ್ನು ಸಂಗೀತದ ವಿಷಯ. ಕಾನೂನು ಮೇಷ್ಟ್ರಿಗೆ ಸಂಗೀತದ ಉಸಾಬರಿ ಏಕೆ ಎಂದು ಕೇಳುತ್ತಿದ್ದವರು ಬಹಳ. ಗಮಕಿಯೊಬ್ಬರು ತಮ್ಮದೇ ವಾಚನದ ಕ್ಯಾಸೆಟ್ಟನ್ನು ಪೇಟೆಯಲ್ಲಿ ದುಡ್ಡು ಕೊಟ್ಟು ಕೊಂಡು ತಂದು, ‘ಇದಕ್ಕೆ ನನ್ನನ್ನು ಯಾರೂ ಕೇಳಲಿಲ್ಲ’ ಎಂದು ಅವರ ಮೇಜಿನ ಮೇಲಿಟ್ಟದ್ದು ಮೊದಲ್ಗೊಂಡು ಆ ದಾರಿ ತೆರೆಯಿತು. ಕುಮಾರವ್ಯಾಸನ ಪದ್ಯ ಯಾರೊಬ್ಬರ ಸೊತ್ತೂ ಅಲ್ಲ, ಸರಿ. ಆದರೆ ಆ ಕಂಠ? 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಆಗ ಅದಕ್ಕೆ ಜಾಗವಿರಲಿಲ್ಲ. ಬರೆದೋ ಅಚ್ಚು ಹಾಕಿಯೋ ಇಟ್ಟದ್ದು ಮಾತ್ರ ಸಂಗೀತ ಕೃತಿ ಎಂಬ ವ್ಯಾಖ್ಯೆಯಿಂದಾಗಿ, ಕಿವಿಯಿಂದ ಕಿವಿಗೆ ಬಂದ ನಮ್ಮ ಸೀಮೆಯ ಹಾಡುಗಾರಿಕೆ ಕಾಯ್ದೆಯ ಹೊರಗೇ ನಿಂತಿತ್ತು. ಹಾಡುವವನಿಗೆ ಹಕ್ಕಿಲ್ಲದ ಈ ಕೊರತೆಯನ್ನು 1977ರಷ್ಟು ಹಿಂದೆಯೇ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಎತ್ತಿ ತೋರಿಸಿದ್ದರು. 1994ರ ತಿದ್ದುಪಡಿ ಆ ವ್ಯಾಖ್ಯೆಯನ್ನು ಬದಲಿಸಿ ಪ್ರದರ್ಶಕರ ಹಕ್ಕನ್ನು ತಂದಿತು. 1999ರಲ್ಲಿ ಅದರ ಅವಧಿ 25ರಿಂದ 50 ವರ್ಷಕ್ಕೆ ಏರಿತು. ಅಷ್ಟರಲ್ಲಿ ಮೇಷ್ಟ್ರ ಬಳಿ ಭಾಗವತರ, ಗಮಕಿಗಳ, ಸೋಬಾನೆ ಹಾಡುವ ಹೆಂಗಸರ ಸುಮಾರು ಇನ್ನೂರು ಕ್ಯಾಸೆಟ್ಟುಗಳು ಸೇರಿದ್ದವು. ಪ್ರತಿಯೊಂದರ ಜೊತೆ ಹಾಡಿದವರ ಒಪ್ಪಿಗೆಯ ಚೀಟಿ. ಶಿವರಾಮ ಕಾರಂತರ ಯಕ್ಷಗಾನ ಬ್ಯಾಲೆಯ ಹಕ್ಕು ಅವರ ಉಯಿಲಿನ ಪ್ರಕಾರ ಯಾರಿಗೆ ಸೇರಬೇಕು ಎಂಬ ವ್ಯಾಜ್ಯ 2009ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನಲ್ಲಿ ಇತ್ಯರ್ಥವಾದಾಗ, ಉಯಿಲು ಒಂದು ಕಡೆ, ಯಕ್ಷಗಾನ ಇನ್ನೊಂದು ಕಡೆ, ತಮ್ಮ ಎರಡು ಪ್ರೀತಿಗಳೂ ಒಂದೇ ತೀರ್ಪಿನಲ್ಲಿ ಸಿಕ್ಕವೆಂದು ಮೇಷ್ಟ್ರು ಮಕ್ಕಳಂತೆ ಹಿಗ್ಗಿದ್ದರು.

ಟಿಕೆಟ್ಟು ಇಟ್ಟು ಭಾವಗೀತೆಯ ಸಂಜೆಯೊಂದನ್ನು ಏರ್ಪಡಿಸಿದರೆ ಮಾಡಿನ ದುಡ್ಡು ಒಂದೇ ರಾತ್ರಿಯಲ್ಲಿ ಕೂಡುತ್ತದೆ ಎಂದು ಹಿತೈಷಿಗಳು ಸೂಚಿಸಿದರು. ಹವ್ಯಾಸಿ ತಂಡ ಟಿಕೆಟ್ಟಿಲ್ಲದೆ ಹಾಡಿದರೆ, ಇಲ್ಲವೇ ಧಾರ್ಮಿಕ ಸಂಸ್ಥೆಯ ಸಹಾಯಾರ್ಥ ಹಾಡಿದರೆ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿ ವಿನಾಯಿತಿ ಉಂಟು. ನಮ್ಮದು ದೇವಸ್ಥಾನವಲ್ಲ, ಟಿಕೆಟ್ಟೂ ಇಡಬೇಕು. ಕವಿಗಳ, ಸಂಯೋಜಕರ ಹಕ್ಕುದಾರರನ್ನೆಲ್ಲ ಹುಡುಕಿ ಪರವಾನಗಿ ಪಡೆಯುವಷ್ಟರಲ್ಲಿ ಮಳೆಗಾಲ ಬಂದುಬಿಡುತ್ತದೆ. ಪಡೆಯದೆ ನಡೆಸಿದರೆ ಮೇಷ್ಟ್ರ ಪಟದ ಕೆಳಗೆ ಕೂರಲು ನಮಗೆ ಮುಖವಿರದು. ಆದ್ದರಿಂದ ನೇರವಾಗಿ ತಮ್ಮನ್ನೇ ಕೇಳುತ್ತಿದ್ದೇವೆ.

ಒರಲೆ ತಿಂದ ಪಕಾಸಿ, ರೀಪುಗಳನ್ನು ತೆಗೆದು, ಹಳೆಯ ಮಂಗಳೂರು ಹೆಂಚಿನಲ್ಲಿ ಗಟ್ಟಿಯಿರುವುದನ್ನು ಉಳಿಸಿಕೊಂಡು, ಆ ದೋಣಿಯನ್ನು ಪೂರ್ತಿ ಹೊಸದಾಗಿ ಕೂರಿಸಲು 7 ಲಕ್ಷದ ಮೇಲೆ ಆಗುತ್ತದೆಂದು ಮೇಸ್ತ್ರಿ ಅಂದಾಜು ಕೊಟ್ಟಿದ್ದಾರೆ. ಪುಸ್ತಕಗಳ ಸ್ಕ್ಯಾನಿಂಗ್, ಬೂಷ್ಟು ಹಿಡಿಯುತ್ತಿರುವ ಕ್ಯಾಸೆಟ್ಟುಗಳ ಡಿಜಿಟಲ್ ಪ್ರತಿ, ಎರಡು ಉಕ್ಕಿನ ಬೀರು ಸೇರಿ ಇನ್ನು 3 ಲಕ್ಷ ಹಿಡಿಯಬಹುದು. ಲಾಭದ ಉದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯ ತನ್ನಲ್ಲಿರುವ ಕೃತಿಯನ್ನು ಸಂರಕ್ಷಣೆಗಾಗಿ ವಿದ್ಯುನ್ಮಾನ ರೂಪದಲ್ಲಿ ಇಟ್ಟುಕೊಳ್ಳಲು ಅದೇ ಕೃತಿಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿ ಅವಕಾಶ ಕೊಟ್ಟಿರುವುದರಿಂದ ಈ ಕೆಲಸಕ್ಕೆ ಅಡ್ಡಿಯಿಲ್ಲ. ಟ್ರಸ್ಟಿಗಳು ಮತ್ತು ಹಳೆಯ ವಿದ್ಯಾರ್ಥಿಗಳು ಸೇರಿ ಈವರೆಗೆ ಮೂರು ಲಕ್ಷದಷ್ಟು ಹಾಕಿದ್ದೇವೆ. ಯುಗಾದಿಯೊಳಗೆ ಅರ್ಧ ಮೊತ್ತವಾದರೂ ಕೈಸೇರದಿದ್ದರೆ ಬಡಗಿಗಳು ಬೇರೆ ಕೆಲಸ ಒಪ್ಪಿಕೊಳ್ಳುತ್ತಾರೆ, ಮೃಗಶಿರ ಮಳೆಗೆ ಮತ್ತೆ ತಾಡಪಾಲೇ ಗತಿ. ಈಗಲೂ ಗೋಡೆಯ ಹಸಿ ಆರದೆ ಒಂದು ಪಾರ್ಶ್ವದ ವಿದ್ಯುತ್ ತೆಗೆಸಿದ್ದೇವೆ. ಪರೀಕ್ಷೆಗೆ ಓದಲು ಹಳ್ಳಿಗಳಿಂದ ಬರುವ ಹದಿನೆಂಟು ಮಕ್ಕಳು ಕತ್ತಲಾಗುವ ಮೊದಲೇ ಎದ್ದು ಹೋಗಬೇಕಾಗಿದೆ. ಇದೇ ಕೋಣೆಯಲ್ಲಿ ಓದಿದವರು ಇಂದು ನ್ಯಾಯಾಧೀಶರ ಪೀಠದಲ್ಲಿದ್ದಾರೆ ಎಂಬುದನ್ನು ಹೆಮ್ಮೆಯಿಂದಲೇ ಹೇಳುತ್ತೇವೆ.

ಚೆಕ್ ಅಥವಾ ಬ್ಯಾಂಕ್ ವರ್ಗಾವಣೆಯ ವಿವರ ಜೊತೆಯ ಚೀಟಿಯಲ್ಲಿದೆ. 2000 ರೂಪಾಯಿ ಮೀರಿದ ನಗದು ದೇಣಿಗೆಗೆ ಆದಾಯ ತೆರಿಗೆಯ ವಿನಾಯಿತಿ ಸಿಗುವುದಿಲ್ಲ ಎಂಬುದು ಗಮನದಲ್ಲಿರಲಿ. ಮರ ಕೊಡುವವರು ಪರವಾನಗಿಯ ಕಾಗದವನ್ನೂ ಜೊತೆಗೆ ಕೊಡಬೇಕಾಗಿ ವಿನಂತಿ.

ಇನ್ನೊಂದು ಕೋರಿಕೆ ಹಣದ್ದಲ್ಲ. ಹೋದ ಮೂರು ಪುಸ್ತಕಗಳು ಹೊಸನಗರದ ಕಡೆಯ ಮುಳುಗಡೆ ಊರುಗಳವು. ಮೇಷ್ಟ್ರ ಶಿಷ್ಯರಲ್ಲಿ ಯಾರಾದರೂ ಅಂದು ಅವುಗಳಿಂದ ಒಂದೆರಡು ಪುಟಗಳನ್ನಾದರೂ ಕೈಯಲ್ಲಿ ನಕಲು ಮಾಡಿಕೊಂಡಿದ್ದರೆ, ಜೆರಾಕ್ಸ್ ತೆಗೆಸಿದ್ದರೆ, ದಯವಿಟ್ಟು ಅಟ್ಟದ ಮೇಲಿನ ಪೆಟ್ಟಿಗೆಗಳನ್ನು ಒಮ್ಮೆ ನೋಡಿ. ಅಜ್ಜಿಗೆ ಮುಂದಿನ ಸಂತೆಗೆ ಬರಹೇಳಿದ್ದೇವೆ.

ಇಂತಿ ತಮ್ಮ ವಿಶ್ವಾಸಿ,
ಟ್ರಸ್ಟಿಗಳ ಪರವಾಗಿ, ಕಾರ್ಯದರ್ಶಿ