ಸ್ಪ್ಯಾನಿಷ್ ಕಲಿಯಲು ಕನ್ನಡ ಲಿಪಿಯೇ ಮೇಲು

ಮಾನ್ಯ ಸಂಪಾದಕರೇ,

ವಿಹಾರ ನೌಕೆಯೊಂದರಲ್ಲಿ ಕೆಲಸ ಸಿಕ್ಕಿ ಮುಂದಿನ ತಿಂಗಳು ಹೊರಡಲಿರುವ ನನ್ನ ತಂಗಿಯ ಮಗ, ಮಂಗಳೂರಿನ ತರಬೇತಿ ಸಂಸ್ಥೆಯೊಂದು ಕೊಟ್ಟ ಸ್ಪ್ಯಾನಿಷ್ ಶುಭಾಶಯಗಳ ಜೆರಾಕ್ಸ್ ಹಾಳೆಯನ್ನು ಹಿಡಿದು ಮೊನ್ನೆ ನಮ್ಮ ಮನೆಯ ಜಗಲಿಯಲ್ಲಿ ಬಾಯಿಪಾಠ ಮಾಡುತ್ತಿದ್ದ. ಹಾಳೆಯಲ್ಲಿ ಎಲ್ಲವೂ ಇಂಗ್ಲಿಷ್ ಅಕ್ಷರಗಳಲ್ಲಿ ಇದ್ದುದರಿಂದ ಅವನ ಬಾಯಿಯಲ್ಲಿ ಬಂದದ್ದು ‘ಹೋಲಾ’, ‘ಬ್ಯೂನಸ್ ಡಯಾಸ್’, ‘ಬ್ಯೂನಸ್ ಟಾರ್ಡೆಸ್’. ಹಿಂದೆ ಒಂದೆರಡು ವರ್ಷ ಈ ಭಾಷೆಯನ್ನು ಕಲಿತಿದ್ದ ನನಗೆ ಸುಮ್ಮನಿರಲಾಗಲಿಲ್ಲ.

ಸ್ಪ್ಯಾನಿಷ್‌ನಲ್ಲಿ ‘ಎಚ್’ ಅಕ್ಷರವನ್ನು ಬರೆಯುತ್ತಾರೆ, ನುಡಿಯುವುದಿಲ್ಲ. ಹಾಲನ್ನು ಯಾರಾದರೂ ‘ಆಲು’ ಎಂದರೆ ನಗುವ ನಾವು ಇಲ್ಲಿ ಮಾತ್ರ ಧೈರ್ಯವಾಗಿ ‘ಓಲಾ’ ಎನ್ನಬೇಕು. ಬೆಳಗ್ಗೆ ‘ಬ್ವೇನೊಸ್ ದೀಯಾಸ್’, ಮಧ್ಯಾಹ್ನದ ಬಳಿಕ ‘ಬ್ವೇನಾಸ್ ತಾರ್ದೆಸ್’, ಕತ್ತಲಾದ ಮೇಲೆ ‘ಬ್ವೇನಾಸ್ ನೋಚೆಸ್’. ಈ ಕೊನೆಯದಕ್ಕೆ ಹಾಳೆಯಲ್ಲಿ ‘ಗುಡ್ ನೈಟ್’ ಎಂದಷ್ಟೇ ಅರ್ಥ ಕೊಟ್ಟಿದ್ದಾರೆ. ಆದರೆ ರಾತ್ರಿ ಊಟಕ್ಕೆ ಬಂದವರನ್ನು ಬರಮಾಡಿಕೊಳ್ಳುವುದೂ ಇದೇ ಮಾತಿನಿಂದ.

ಅಲ್ಲಿಯ ತ, ದಗಳು ನಾಲಿಗೆ ಹಲ್ಲಿಗೆ ತಾಗಿ ಹುಟ್ಟುವ ನಮ್ಮ ತ, ದಗಳೇ ಹೊರತು ಟ, ಡಗಳಲ್ಲ. ಸ್ಪ್ಯಾನಿಷ್‌ನ ಸೋದರ ಭಾಷೆಯಾದ ಪೋರ್ಚುಗೀಸನ್ನು ಕಿವಿಯಿಂದಲೇ ಕೇಳಿದ ಕರಾವಳಿಯ ಹಿರಿಯರು ‘ಪಾದ್ರಿ’ ಎಂದರು, ‘ಪಾಡ್ರಿ’ ಎನ್ನಲಿಲ್ಲ. ನಡುವೆ ಇಂಗ್ಲಿಷ್ ಕಾಗುಣಿತ ಇರಲಿಲ್ಲವಲ್ಲ! ವರ್ಣಮಾಲೆಯಲ್ಲಿ ಕಲಿತು ಮರೆತ ಞಕಾರಕ್ಕೂ ಇಲ್ಲಿ ಕೆಲಸವಿದೆ: ‘ಸೆಞೋರ್’ ಎಂದರೆ ಮಹನೀಯ, ‘ಮಾಞಾನಾ’ ಎಂದರೆ ನಾಳೆ. ಕಾಸರಗೋಡಿನ ಕಡೆಯವರ ‘ಞಾನ್’ ಕೇಳಿದವರಿಗೆ ಇದು ಕಷ್ಟವೇ ಅಲ್ಲ. ಎಲ್ಲವೂ ನಮ್ಮ ಲಿಪಿಗೆ ದಕ್ಕುತ್ತದೆ ಎನ್ನಲಾರೆ. ‘ಗ್ರಾಸಿಯಾಸ್’ ಎಂಬ ಧನ್ಯವಾದವನ್ನು ಲ್ಯಾಟಿನ್ ಅಮೆರಿಕದವರು ಬರೆದಂತೆಯೇ ನುಡಿದರೆ, ಸ್ಪೇನಿನ ಬಹುಭಾಗದಲ್ಲಿ ಅದರ ಮೊದಲ ಸಕಾರಕ್ಕೆ ನಾಲಿಗೆಯ ತುದಿ ಹಲ್ಲುಗಳ ನಡುವೆ ಬರುತ್ತದೆ. ಅದನ್ನು ಕೇಳಿಯೇ ಕಲಿಯಬೇಕು.

ಉಚ್ಚಾರಕ್ಕಿಂತ ದೊಡ್ಡ ಲೋಪ ಇನ್ನೊಂದಿದೆ. ‘ಹೇಗಿದ್ದೀರಿ’ ಎಂಬುದಕ್ಕೆ ಹಾಳೆಯಲ್ಲಿರುವುದು ‘ಕೋಮೊ ಎಸ್ತಾಸ್’ ಮಾತ್ರ. ಅದು ‘ಹೇಗಿದ್ದೀ’ ಎಂಬ ಏಕವಚನ. ಅಪರಿಚಿತ ಹಿರಿಯ ಪ್ರಯಾಣಿಕರಿಗೆ ‘ಕೋಮೊ ಎಸ್ತಾ ಉಸ್ತೇದ್’ ಎನ್ನುವುದು ಲೇಸು. ಈ ‘ಉಸ್ತೇದ್’ ಹುಟ್ಟಿದ್ದು ‘ತಮ್ಮ ಕೃಪೆ’ ಎಂಬರ್ಥದ ಹಳೆಯ ಸಂಬೋಧನೆಯಿಂದ. ಆದಕಾರಣ ಕ್ರಿಯಾಪದ ಇಂದಿಗೂ ಪ್ರಥಮ ಪುರುಷದಲ್ಲೇ ಇರುತ್ತದೆ. ಎದುರಿಗೆ ನಿಂತವರನ್ನೇ ‘ಭಟ್ಟರು ಯಾವಾಗ ಬಂದದ್ದು?’ ಎಂದು ಕೇಳುವ ನಮ್ಮ ಊರಿನ ಹುಡುಗನಿಗೆ ಇದನ್ನು ವ್ಯಾಕರಣವಾಗಿ ಬೋಧಿಸುವ ಅಗತ್ಯವೇ ಇಲ್ಲ. ‘ದೇವ್ ಬರೆಂ ಕರುಂ’ ಎನ್ನುವ ಕೊಂಕಣಿ ನೆರೆಯವರ ನಡುವೆ ಬೆಳೆದ ಅವನಿಗೆ, ಬೀಳ್ಕೊಡುವ ‘ಆದಿಯೋಸ್’ ಪದದೊಳಗೂ ದೇವರಿದ್ದಾನೆ ಎಂದದ್ದು ತಕ್ಷಣ ಮನಸ್ಸಿಗೆ ಹಿಡಿಯಿತು.

ಇಂತಹ ತರಗತಿಗಳನ್ನು ನಡೆಸುವವರು ಪ್ರತಿಯೊಂದು ಮಾತಿನ ಕೆಳಗೆ ಕನ್ನಡದಲ್ಲಿ ಒಂದು ಸಾಲು ಅಚ್ಚು ಹಾಕಿಸಬೇಕೆಂದು ವಿನಂತಿಸುತ್ತೇನೆ. ಪತ್ರಿಕೆಗಳ ಕ್ರೀಡಾಪುಟಗಳಲ್ಲಿಯೂ ‘ಹೊಸೇ’ (ಸ್ಪ್ಯಾನಿಷ್‌ನ ‘ಜೆ’ ಅಕ್ಷರದ ಉಚ್ಚಾರ ನಮ್ಮ ಹಕಾರಕ್ಕೆ ಹತ್ತಿರ) ಎಂಬ ಆಟಗಾರ ಆಗಾಗ ‘ಜೋಸ್’ ಆಗಿಬಿಡುತ್ತಾನೆ. ತಾವು ಅದರತ್ತ ಸ್ವಲ್ಪ ಗಮನ ಹರಿಸಿದರೆ ಉಪಕಾರವಾದೀತು.

– ನಿವೃತ್ತ ಅಧ್ಯಾಪಕ, ಉಡುಪಿ