ನಮ್ಮ ಲೆಕ್ಕದ ಅಕ್ಕನಿಗೆ, ಜೊತೆಗಿದ್ದ ಎಲ್ಲರಿಗೂ

ಕಳೆದ ವಾರ ಬ್ಯಾಂಕಿನಿಂದ ನೋ ಡ್ಯೂ ಲೆಟರ್ ಬಂತು. ನಮ್ಮ ಕಂಪನಿಯ ಕೊನೆಯ ಸಾಲ ತೀರಿತು. ತಡೆಹಿಡಿದಿದ್ದ ಸಂಬಳದ ಬಾಕಿಯನ್ನು ಅದಕ್ಕಿಂತ ಮೊದಲೇ ಕೊಟ್ಟು ಮುಗಿಸಿದ್ದೆವು. ಏನಾಯ್ತು, ಯಾಕಾಯ್ತು, ದೊಡ್ಡ ಗಿರಾಕಿ ಬಿಲ್ಲಿನ ದುಡ್ಡು ಕೊಡದೆ ಹೇಗೆ ಕೈಕೊಟ್ಟರು ಅನ್ನೋದೆಲ್ಲ ನಿಮಗೆ ಗೊತ್ತೇ ಇದೆ. ನಿಮ್ಮಲ್ಲಿ ಅರ್ಧ ಜನ ಆ ಪುರಾಣವನ್ನು ಫೋನಿನಲ್ಲಿ ಕೇಳಿ ಕೇಳಿ ಸುಸ್ತಾದವರು. ಹಾಗಾಗಿ ಅದನ್ನು ಮತ್ತೆ ಎತ್ತಲ್ಲ. ಇದು ಥ್ಯಾಂಕ್ಸ್ ಹೇಳೋಕೆ ಮಾತ್ರ.

ಕೆಲಸ ಶುರುವಾಗುವ ಮೊದಲೇ ಮುಂಗಡ ಕೊಟ್ಟ ಇಬ್ಬರು ಗಿರಾಕಿಗಳು, ತಿಂಗಳುಗಟ್ಟಲೆ ಬಿಲ್ ಕೇಳದೆ ಕಾದ ಸಪ್ಲೈಯರ್‌ಗಳು, ಕಂತುಗಳನ್ನು ಮುಂದಕ್ಕೆ ಹಾಕಿಸಿಕೊಟ್ಟ ಬ್ಯಾಂಕ್ ಮ್ಯಾನೇಜರ್, ಫೀಸಿನ ಮಾತೇ ಎತ್ತದ ವಕೀಲರು, ಮಕ್ಕಳನ್ನು ನೋಡಿಕೊಂಡ ಅತ್ತೆ, ನನ್ನ ಸಿಡುಕು ಮುಖವನ್ನು ಎರಡೂ ಹೊತ್ತು ಸಹಿಸಿಕೊಂಡ ನಮ್ಮೆಜಮಾನರು: ನಿಮಗೆಲ್ಲ ಮನಸಾರೆ ಥ್ಯಾಂಕ್ಸ್. ಒಂದೇ ವಾಕ್ಯದಲ್ಲಿ ಎಲ್ಲರನ್ನೂ ತುರುಕಿಬಿಟ್ಟೆ ಅಂತ ಬೇಜಾರಾಗಬೇಡಿ. ಉಳಿದ ಜಾಗವೆಲ್ಲ ಒಬ್ಬರಿಗೆ ಬೇಕು.

ನಮ್ಮ ಅಕೌಂಟ್ಸ್ ನೋಡಿಕೊಳ್ಳುವ ಅಕ್ಕನಿಗೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಲ್ಲ. ಕಂಪನಿಯಲ್ಲಿ ಎಲ್ಲರಿಗೂ ಅವರು ಅಕ್ಕನೇ.

ಅವರ ಬಗ್ಗೆ ಹೇಳೋಕೆ ಮೊದಲು ನಮ್ಮಪ್ಪನ ಬಗ್ಗೆ ಸ್ವಲ್ಪ ಹೇಳಬೇಕು. ಅಪ್ಪನೂ ಸಣ್ಣ ವ್ಯವಹಾರ ಮಾಡಿದವರು. ಮನೆಯಲ್ಲಿ ಅವರದ್ದು ಎರಡು ಕಟ್ಟುನಿಟ್ಟು. ಮನೆಗೆ ಸಾಮಾನು ತರೋಕೆ ಮೊದಲು ಕೆಲಸದವರ ಕೂಲಿ ಕೊಡಬೇಕು. ಮತ್ತೆ, ಕಷ್ಟ ಬಂದರೆ ಅದು ಹೊಸ್ತಿಲು ದಾಟಬಾರದು. ಹೊಸ್ತಿಲು ಬಿಡಿ, ಅಪ್ಪನ ಕಷ್ಟ ಅಮ್ಮನ ಕಿವಿಗೂ ಬೀಳುತ್ತಿರಲಿಲ್ಲ. ನಾವು ಅದನ್ನೇ ಮರ್ಯಾದೆ ಅಂತ ತಿಳಿದು ಬೆಳೆದೆವು. ಎಲ್ಲಾದರೂ ಮಾತಾಡೋಕೆ ಕರೆದರೆ, 'ನಿಮ್ಮ ಮೌಲ್ಯಗಳು ಎಲ್ಲಿಂದ ಬಂದವು' ಅಂತ ಕೇಳಿದರೆ, ನಾನು ಮೊದಲನೆಯದನ್ನು ಹೇಳಿ ಚಪ್ಪಾಳೆ ತಗೊಂಡು ಬರುತ್ತಿದ್ದೆ. ಎರಡನೆಯದನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಆದರೆ ಅದೂ ನನ್ನೊಳಗೇ ಇತ್ತು.

ಆ ಕಷ್ಟದ ದಿನಗಳಲ್ಲಿ, ಸಂಬಳದ ದಿನದ ಹಿಂದಿನ ರಾತ್ರಿ. ಎಲ್ಲರೂ ಹೊರಟುಹೋಗಿದ್ದರು. ಅಕ್ಕ ಮಾತ್ರ ಹೋಗಲಿಲ್ಲ. ನಾನು ಯಾರ್ಯಾರನ್ನು ಕೆಲಸದಿಂದ ಬಿಡಿಸಬೇಕು ಅಂತ ಒಂದು ಪಟ್ಟಿ ಮಾಡಿಕೊಂಡು ಕೂತಿದ್ದೆ. ವಿಚಿತ್ರ ಏನಂದ್ರೆ, ಪುಸ್ತಕದಲ್ಲಿ ನೋಡಿದರೆ ಆ ವರ್ಷ ನಾವು ಲಾಭದಲ್ಲಿದ್ದೆವು. ಬಿಲ್ ಬರೆದ ದಿನವೇ ಅದು ವ್ಯಾಪಾರ ಅಂತ ಲೆಕ್ಕಕ್ಕೆ ಸೇರುತ್ತೆ. ದುಡ್ಡು ಯಾವಾಗ ಬರುತ್ತೋ, ಬರುತ್ತೋ ಇಲ್ವೋ, ಅದು ಬೇರೆ ಕಥೆ. ವ್ಯವಹಾರ ಮಾಡದವರಿಗೆ ಇದನ್ನು ಅರ್ಥ ಮಾಡಿಸೋದು ಕಷ್ಟ. ಲಾಭದಲ್ಲಿರುವ ಕಂಪನಿಯೂ ಮುಳುಗುತ್ತೆ. ಸಂಬಳ ಕೊಡೋಕೆ ಬೇಕಾಗಿರೋದು ಬ್ಯಾಂಕಿನಲ್ಲಿರೋ ದುಡ್ಡು, ಪುಸ್ತಕದಲ್ಲಿರೋ ಲಾಭ ಅಲ್ಲ.

ಅಕ್ಕ ಒಂದು ದೊಡ್ಡ ಹಾಳೆ ತೆಗೆದುಕೊಂಡು 13 ಗೆರೆ ಎಳೆದರು. 13 ವಾರ, ಅಂದರೆ ಒಂದು ತ್ರೈಮಾಸಿಕ. ಕಷ್ಟದಲ್ಲಿರುವ ಕಂಪನಿಗಳು ಎಷ್ಟೋ ಕಡೆ ಹೀಗೇ ಲೆಕ್ಕ ಹಾಕುತ್ತವೆ ಅಂತ ನನಗೆ ಆಮೇಲೆ ಗೊತ್ತಾಯ್ತು. ಪ್ರತಿ ವಾರಕ್ಕೆ ಎರಡೇ ಅಂಕಿ, ಎಷ್ಟು ಬರುತ್ತೆ, ಎಷ್ಟು ಹೋಗುತ್ತೆ. ಬರಬಹುದು ಅನ್ನೋದನ್ನು ಅವರು ಬರೆಯೋಕೇ ಬಿಡಲಿಲ್ಲ. ಗಿರಾಕಿಯ ಬಾಯಿಂದ ತಾರೀಖು ಬಂದಿದ್ದರೆ ಮಾತ್ರ ಹಾಳೆಗೆ. ಆಮೇಲೆ ಕೊಡಬೇಕಾದವರನ್ನು ಸಾಲಾಗಿ ಬರೆದರು. ಕಡಿಮೆ ಸಂಬಳದವರು ಮೊದಲು, ಆಮೇಲೆ ಉಳಿದ ಸಂಬಳ, ತೆರಿಗೆ, ಸಣ್ಣ ಸಪ್ಲೈಯರ್‌ಗಳು, ಬ್ಯಾಂಕು, ದೊಡ್ಡ ಸಪ್ಲೈಯರ್‌ಗಳು. ನನ್ನ ಹೆಸರು ಹಾಳೆಯ ತೀರಾ ಕೆಳಗೆ, ಹೆಚ್ಚುಕಡಿಮೆ ಅಂಚಿನಲ್ಲಿತ್ತು. ಸಣ್ಣ ಸಪ್ಲೈಯರ್ ಬ್ಯಾಂಕಿಗಿಂತ ಮೇಲೆ ಯಾಕೆ ಅಂತ ಕೇಳಿದೆ. 'ಬ್ಯಾಂಕು ನಮ್ಮಿಂದ ಮುಳುಗಲ್ಲ, ಅವರು ಮುಳುಗ್ತಾರೆ' ಅಂದರು.

ನನ್ನ ಪಟ್ಟಿಯನ್ನೂ ಓದಿದರು. ಹರಿಯಲಿಲ್ಲ, ಬೈಯಲೂ ಇಲ್ಲ. 'ಇವರಿಗೆಲ್ಲ ವಿಷಯ ಗೊತ್ತಾ?' ಅಂತ ಕೇಳಿದರು. ಇಲ್ಲ ಅಂದೆ. ಹೇಳಿದರೆ ನಾಳೆಯೇ ಎಲ್ಲರೂ ಬೇರೆ ಕೆಲಸ ಹುಡುಕ್ತಾರೆ, ಗಿರಾಕಿಗಳಿಗೂ ಸುದ್ದಿ ಹೋಗುತ್ತೆ, ಅಲ್ಲಿಗೆ ಮುಗೀತು ಅಂದೆ. ಯಾವಾಗಲೂ 'ಮೇಡಂ' ಅನ್ನುವವರು ಆಗ ಹತ್ತಿರ ಕುರ್ಚಿ ಎಳೆದುಕೊಂಡು, 'ನೋಡಮ್ಮ' ಅಂತ ಶುರು ಮಾಡಿದರು.

ಅವರಪ್ಪ ಒಂದು ಕಾರ್ಖಾನೆಯಲ್ಲಿದ್ದರು. ಒಂದು ದಿನ ಬೆಳಗಿನ ಶಿಫ್ಟಿಗೆ ಹೋದರೆ ಗೇಟಿಗೆ ಬೀಗ. ನೋಟಿಸಿಲ್ಲ, ಒಂದು ಮಾತಿಲ್ಲ. ಹಿಂದಿನ ಸಂಜೆ ಮೇಲಿನವರು ನಗುನಗುತ್ತಾ ಮಾತಾಡಿಸಿ ಕಳಿಸಿದ್ದರಂತೆ. ಅಕ್ಕ ಆಗ ಇನ್ನೂ ಸ್ಕೂಲು. ಕೆಲಸ ಹೋಗಿದ್ದಕ್ಕಿಂತ ಜಾಸ್ತಿ ಅಪ್ಪನನ್ನು ಕೊರೆದಿದ್ದು ಆ ನಗು ಅಂತ ಅಕ್ಕ ಹೇಳಿದರು. 'ಅವರಿಗೆ ಎಲ್ಲಾ ಗೊತ್ತಿತ್ತು, ನಮಗೆ ಹೇಳಲಿಲ್ಲ' ಅಂತ ಅಪ್ಪ ಸಾಯೋವರೆಗೂ ಹೇಳುತ್ತಿದ್ದರಂತೆ. 'ಬಿಡಿಸಲೇಬೇಕು ಅಂದ್ರೆ ಬಿಡಿಸು. ಆದರೆ ಮೊದಲು ಲೆಕ್ಕ ತೋರಿಸು. ತೋರಿಸದೆ ಬಿಡಿಸೋದಾದ್ರೆ ನನ್ನ ಹೆಸರನ್ನೂ ಆ ಪಟ್ಟಿಗೆ ಸೇರಿಸು' ಅಂದರು.

ನಾನು ಅತ್ತುಬಿಟ್ಟೆ. ಮೂಲೆಯಲ್ಲಿ ಕಣ್ಣೊರೆಸಿಕೊಳ್ಳೋ ಅಳು ಅಲ್ಲ, ಜೋರಾಗಿ, ಅಸಹ್ಯವಾಗಿ. ನಮ್ಮಪ್ಪ ಇದ್ದಿದ್ದರೆ ಏನು ಮಾಡ್ತಿದ್ದರು ಅಂತ ಬಾಯಿಬಿಟ್ಟೇ ಕೇಳಿಕೊಂಡೆ. ಉತ್ತರ ನನಗೇ ಗೊತ್ತಿತ್ತು. ಯಾರಿಗೂ ಹೇಳದೆ ಸಾಯ್ತಿದ್ದರು. ಅವರು ಹೋಗಿದ್ದೂ ಹಾಗೇ. ಹೃದಯ ನಿಂತ ದಿನದವರೆಗೆ ಅವರ ಸಾಲ ಎಷ್ಟಿತ್ತು ಅಂತ ಮನೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಅಪ್ಪನ ಮೇಲೆ ನನಗೆ ಸಿಟ್ಟಿದೆ ಅಂತ ಅಲ್ಲಿಯವರೆಗೆ ನನಗೇ ತಿಳಿದಿರಲಿಲ್ಲ. ಅಕ್ಕ ಸಮಾಧಾನದ ಮಾತೊಂದನ್ನೂ ಆಡಲಿಲ್ಲ. ನಾನು ಅತ್ತು ಮುಗಿಸೋವರೆಗೆ ಬರಬೇಕಾದ ಬಾಕಿಗಳನ್ನು ಕೂಡಿಸುತ್ತಾ ಕೂತಿದ್ದರು. ಅವತ್ತು ನನಗೆ ಬೇಕಿದ್ದಿದ್ದೂ ಅಷ್ಟೇ.

ಬೆಳಿಗ್ಗೆ ಶಾಪ್ ಫ್ಲೋರಿನ ಬೋರ್ಡ್ ಮೇಲೆ ಅಕ್ಕ ಎಲ್ಲವನ್ನೂ ಬರೆದರು. ಬ್ಯಾಂಕಿನಲ್ಲಿ ಎಷ್ಟಿದೆ, ಯಾರಿಗೆ ಎಷ್ಟು ಕೊಡಬೇಕು, ಯಾರಿಂದ ಎಷ್ಟು ಬರಬೇಕು. ನಾನು ಪಕ್ಕದಲ್ಲಿ ನಿಂತು ಓದಿ ಹೇಳಿದೆ. ಮುಂದೆ ನಡೆದಿದ್ದು ನಿಮಗೆ ಗೊತ್ತಿದೆ. ಹೆಚ್ಚು ಸಂಬಳದವರು ಕೆಲವು ತಿಂಗಳು ಅರ್ಧಕ್ಕೆ ಒಪ್ಪಿಕೊಂಡರು, ಕಡಿಮೆ ಸಂಬಳದವರಿಗೆ ಪೂರ್ತಿ ಹೋಯ್ತು, ಖಾಲಿ ಬಿದ್ದಿದ್ದ ಮೆಷಿನ್‌ಗಳಿಗೆ ಆಪರೇಟರ್‌ಗಳೇ ಜಾಬ್‌ವರ್ಕ್, ಅಂದರೆ ಬೇರೆ ಕಂಪನಿಗಳಿಗೆ ಮಾಡಿಕೊಡುವ ಕೆಲಸ, ಹುಡುಕಿ ತಂದರು. ಕೆಲವರು ಬಿಟ್ಟು ಹೋದರು. ಅವರ ಮೇಲೆ ನನಗೆ ಒಂದು ಚೂರೂ ಬೇಸರವಿಲ್ಲ. ಲೆಕ್ಕ ನೋಡಿ ತಗೊಂಡ ನಿರ್ಧಾರ ಅದು, ಅವರ ಮನೆಯ ಲೆಕ್ಕವೂ ಅದರಲ್ಲಿ ಸೇರಿತ್ತು.

ಆ ದಿನಗಳಲ್ಲಿ ಧೈರ್ಯಕ್ಕೆ ಅಂತ ಹಳೆಯ ಕಂಪನಿಗಳ ಕಥೆ ಓದುತ್ತಿದ್ದೆ, ಅಕ್ಕನಿಗೂ ಹೇಳುತ್ತಿದ್ದೆ. ಜಪಾನಿನ ಕೊನೊಸುಕೆ ಮತ್ಸುಶಿತಾ ಅವರದ್ದು ನನಗೆ ತುಂಬಾ ಹಿಡಿಸಿತ್ತು. ಪ್ಯಾನಸೋನಿಕ್ ಶುರು ಮಾಡಿದವರು. ಅವರಪ್ಪ ಅಕ್ಕಿಯ ಸಟ್ಟಾ ವ್ಯಾಪಾರದಲ್ಲಿ ಎಲ್ಲ ಕಳೆದುಕೊಂಡಿದ್ದರಿಂದ 9ನೇ ವಯಸ್ಸಿಗೇ ಶಾಲೆ ಬಿಟ್ಟು ಒಸಾಕಾದ ಅಂಗಡಿಯೊಂದಕ್ಕೆ ಕೆಲಸಕ್ಕೆ ಸೇರಿದವರು. 1929ರ ಕೊನೆಗೆ ವ್ಯಾಪಾರ ಅರ್ಧಕ್ಕೆ ಬಿತ್ತು, ಗೋದಾಮು ತುಂಬಿತು. ಅರ್ಧ ಜನರನ್ನು ತೆಗೆಯಬೇಕು ಅಂತ ಕೆಳಗಿನವರು ಸಲಹೆ ಕೊಟ್ಟರು. ಕಾಯಿಲೆ ಬಿದ್ದು ಮಲಗಿದ್ದ ಅವರು ಒಪ್ಪಲಿಲ್ಲ. ಉತ್ಪಾದನೆ ಅರ್ಧ ಮಾಡಿ, ಕೆಲಸ ಅರ್ಧ ದಿನ, ಸಂಬಳ ಪೂರ್ತಿ, ಆದರೆ ರಜೆ ಇಲ್ಲ, ಎಲ್ಲರೂ ಸೇರಿ ಗೋದಾಮಿನ ಮಾಲು ಮಾರಿ ಅಂದರು. ಎರಡು ತಿಂಗಳು ಕಳೆಯುವಷ್ಟರಲ್ಲಿ ಗೋದಾಮು ಖಾಲಿ. ನಾನು ಇದನ್ನು ಭಾವುಕಳಾಗಿ ಹೇಳಿ ಮುಗಿಸಿದರೆ ಅಕ್ಕ ಕೇಳಿದ್ದು, 'ಸರಿ, ಆವತ್ತು ಅವರ ಬ್ಯಾಂಕಿನಲ್ಲಿ ಎಷ್ಟಿತ್ತು?'

ಪ್ರಶ್ನೆ ನ್ಯಾಯವಾದದ್ದೇ. ಅವರ ಹತ್ತಿರ ಮಾರೋಕೆ ಮಾಲಿತ್ತು. ನಮ್ಮ ಹತ್ತಿರ ಇದ್ದಿದ್ದು ವಸೂಲಾಗದ ಬಿಲ್‌ಗಳು. ಹಾಗಾಗಿ ಅವರ ದಾರಿ ನಮಗೆ ಹೊಂದಲಿಲ್ಲ. ಅಕ್ಕನಿಗೆ ಹಿಡಿಸಿದ್ದು ಅಮೆರಿಕದ ಮಿಸೌರಿಯ ಕಥೆ. 1983ರಲ್ಲಿ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜ್ಯಾಕ್ ಸ್ಟ್ಯಾಕ್ ಅನ್ನುವವರು ತಮ್ಮ ಜೊತೆ ಕೆಲಸ ಮಾಡುತ್ತಿದ್ದವರನ್ನು ಸೇರಿಸಿಕೊಂಡು ಇಂಜಿನ್ ರಿಪೇರಿ ಮಾಡುವ ಒಂದು ಘಟಕವನ್ನು ಕೊಂಡರು. ಅದರ ಮೂಲ ಕಂಪನಿ ಸಾಲದಲ್ಲಿ ಮುಳುಗುತ್ತಿತ್ತು. ಇವರು ಕೈಯಿಂದ ಹಾಕಿದ 1 ಡಾಲರ್‌ಗೆ 89 ಡಾಲರ್ ಸಾಲ. ಅವರು ಮಾಡಿದ್ದು ಏನಂದ್ರೆ, ಮೆಷಿನ್ ಮುಂದೆ ನಿಲ್ಲುವವರಿಗೂ ಲಾಭ ನಷ್ಟದ ಪಟ್ಟಿ ಓದೋದನ್ನು ಕಲಿಸಿ, ಲೆಕ್ಕವನ್ನು ಎಲ್ಲರ ಮುಂದೆ ಇಟ್ಟರು. ಅಕ್ಕ ಕೇಳಿ, 'ನಾವೂ ಅದನ್ನೇ ಮಾಡಿದ್ವಲ್ಲ' ಅಂದರು. ಮುಖದಲ್ಲಿ ಸ್ವಲ್ಪ ಹೆಮ್ಮೆ ಇತ್ತು, ಇಲ್ಲ ಅನ್ನಬೇಡಿ ಅಕ್ಕ.

ಈ ಕಥೆಗಳನ್ನೆಲ್ಲ ಓದಿದ ಮೇಲೆ ನನಗೆ ಅನ್ನಿಸಿದ ಒಂದು ಮಾತಿದೆ. ಯಜಮಾನರ ಬಾಲ್ಯದ ಬಗ್ಗೆ ನಾವು ಜಾಸ್ತಿ ಮಾತಾಡ್ತೀವಿ. ಸ್ಟಾರ್‌ಬಕ್ಸ್ ಕಾಫಿ ಕಂಪನಿಯನ್ನು ಬೆಳೆಸಿದ ಹೊವಾರ್ಡ್ ಶುಲ್ಟ್ಸ್ ಚಿಕ್ಕವರಿದ್ದಾಗ ಅವರಪ್ಪ ಕೆಲಸದಲ್ಲಿ ಬಿದ್ದು ಪಾದದ ಕೀಲು ಮುರಿದುಕೊಂಡರು. ವಿಮೆ ಇರಲಿಲ್ಲ, ಸಂಪಾದನೆಯೂ ನಿಂತಿತು. ಅದನ್ನು ಮರೆಯದ ಮಗ 1988ರಲ್ಲಿ ಪಾರ್ಟ್‌ಟೈಮ್ ಕೆಲಸದವರಿಗೂ ಆರೋಗ್ಯ ವಿಮೆ ಕೊಟ್ಟರು. ಒಳ್ಳೆಯದೇ. ಆದರೆ ಅಂಥದ್ದೇ ಬಾಲ್ಯದಿಂದ ಬಂದು, 'ನಾನು ಅನುಭವಿಸಲಿಲ್ವಾ, ಇವರೂ ಅನುಭವಿಸಲಿ' ಅನ್ನೋ ಯಜಮಾನರನ್ನೂ ನಾನು ಕಂಡಿದ್ದೀನಿ, ನೀವೂ ಕಂಡಿರ್ತೀರಿ. ಕಷ್ಟ ತಾನಾಗೇ ಯಾರನ್ನೂ ಒಳ್ಳೆಯವರನ್ನಾಗಿ ಮಾಡಲ್ಲ. ಇನ್ನೊಂದು ವಿಷಯ, ಕಂಪನಿಯಲ್ಲಿ ಬಾಲ್ಯ ಇರೋದು ಯಜಮಾನರೊಬ್ಬರಿಗೇ ಅಲ್ಲವಲ್ಲ. ಇವತ್ತು ನಮ್ಮ ಕಂಪನಿಯ ಮೌಲ್ಯ ಅಂತ ಹೊರಗಿನವರು ಹೊಗಳುವ ವಿಷಯ, ಲೆಕ್ಕ ಮುಚ್ಚಿಡದಿರೋದು, ನಮ್ಮಪ್ಪನಿಂದ ಬಂದಿದ್ದಲ್ಲ. ಅದು ನಾನು ಯಾವತ್ತೂ ನೋಡದ ಒಬ್ಬ ಕಾರ್ಮಿಕರು ಬೀಗ ಹಾಕಿದ ಗೇಟಿನಿಂದ ಮನೆಗೆ ತಂದ ಸಿಟ್ಟು. ಅದನ್ನು ಮಗಳು ಇಷ್ಟು ವರ್ಷ ಇಟ್ಟುಕೊಂಡಿದ್ದರು, ನನಗೆ ಬೇಕಾದ ರಾತ್ರಿ ಕೊಟ್ಟರು. ಮುಂದಿನ ಸಲ ವೇದಿಕೆ ಮೇಲೆ ಯಾರಾದರೂ ಕೇಳಿದರೆ ಅವರ ಅಪ್ಪನ ಬಗ್ಗೆಯೇ ಹೇಳ್ತೀನಿ.

ಅಂದಹಾಗೆ, ನಮ್ಮಪ್ಪನ ಮೊದಲನೇ ಕಟ್ಟುನಿಟ್ಟು ಹಾಗೇ ಇದೆ. ಅದಿಲ್ಲದಿದ್ದರೆ ಅಕ್ಕ ಬರೆದ ಸಾಲಿನಲ್ಲಿ ನನ್ನ ಹೆಸರು ಕೊನೆಗಿದ್ದಿದ್ದಕ್ಕೆ ನಾನು ಜಗಳ ಆಡ್ತಿದ್ದೆನೋ ಏನೋ. ಎರಡನೆಯದನ್ನು ಬಿಟ್ಟುಬಿಟ್ಟೆ. ಅಪ್ಪನ ಮೇಲಿನ ಸಿಟ್ಟೂ ಈಗ ಅಷ್ಟಿಲ್ಲ. ಅವರ ಹತ್ತಿರ ಒಬ್ಬ ಅಕ್ಕ ಇರಲಿಲ್ಲ, ಪಾಪ.

ಈಗ ಹೇಗಿದ್ದೀವಿ ಅಂತ ಕೇಳುವವರಿಗೆ: ಬೋರ್ಡ್ ಇನ್ನೂ ಇದೆ, ತಿಂಗಳಿಗೊಮ್ಮೆ ಬರೀತೀವಿ. ಒಬ್ಬನೇ ಗಿರಾಕಿಯಿಂದ ಒಟ್ಟು ವ್ಯಾಪಾರದ ಕಾಲು ಭಾಗಕ್ಕಿಂತ ಜಾಸ್ತಿ ತಗೊಳ್ಳಲ್ಲ, ಎಷ್ಟೇ ಆಸೆ ಹುಟ್ಟಿಸಿದರೂ. ಸಂಬಳಕ್ಕೆ ಅಂತ ಬೇರೆ ಖಾತೆಯಲ್ಲಿ ದುಡ್ಡು ಕೂಡಿಡ್ತಿದ್ದೀವಿ, ಅದು ಇನ್ನೂ ಮೂರು ತಿಂಗಳಿಗೆ ಸಾಲುವಷ್ಟಾಗಿಲ್ಲ, ಆಗುತ್ತೆ. ಆ ಖಾತೆಗೆ ನನ್ನ ಸಹಿ ಒಂದೇ ನಡೆಯಲ್ಲ, ಅಕ್ಕನದ್ದೂ ಬೇಕು. ಅದು ನಾನೇ ಕೇಳಿ ಮಾಡಿಸಿಕೊಂಡಿದ್ದು.

ಸಪ್ಲೈಯರ್‌ಗಳಲ್ಲಿ ಯಾರದ್ದಾದರೂ ಆ ಸಮಯದ ಬಿಲ್ ಕಣ್ತಪ್ಪಿ ಉಳಿದಿದ್ದರೆ, ಎಷ್ಟೇ ಚಿಕ್ಕದಿರಲಿ, ಎಷ್ಟೇ ಹಳೆಯದಿರಲಿ, ಸಂಕೋಚ ಮಾಡಿಕೊಳ್ಳದೆ ಅಕ್ಕನಿಗೆ ಕಳಿಸಿ. ಈ ತಿಂಗಳೇ ಕೊಡ್ತೀವಿ.